ದೊಡ್ಡ ನಾಯಿಗೆ ಯಾವ ಮಜಲ್: ನೈಲಾನ್, ರಬ್ಬರ್, ತಂತಿ, ಚರ್ಮ

ರಾಟ್‌ವೈಲರ್, ಪಿಟ್‌ಬುಲ್, ಕೇನ್ ಕೋರ್ಸೊ, ಅಕಿಟಾ ಸಾಕುವವರು ಪೆಟ್ ಶಾಪಿಗೆ ಹೋಗಿ ಒಂದು ಮಜಲ್ (ಕಚ್ಚದಂತೆ ಮೂತಿಗೆ ಹಾಕುವ ಕವಚ) ಕೊಡಿ ಎಂದರೆ ಹೆಚ್ಚಿನ ಸಲ ಕೈಗೆ ಬರುವುದು ನೈಲಾನ್ ಬಟ್ಟೆಯ ಕೊಳವೆ. ಮೂತಿಗೆ ತೊಡಿಸಿ ಕಿವಿಯ ಹಿಂದೆ ಕ್ಲಿಪ್ ಹಾಕುವಂಥದ್ದು. ಬೆಲೆ ಕೆಲವೇ ನೂರು ರೂಪಾಯಿ, ಜೇಬಿನಲ್ಲಿ ಮಡಚಿ ಇಟ್ಟುಕೊಳ್ಳಬಹುದು, ಬಣ್ಣಬಣ್ಣದಲ್ಲಿ ಸಿಗುತ್ತದೆ. ವಾಕಿಂಗ್‌ಗೆ ಅದನ್ನು ಕೊಳ್ಳಬೇಡಿ. ನಾಲ್ಕು ಬಗೆಯ ಮಜಲ್‌ಗಳಲ್ಲಿ ನಾವು ವಾಕಿಂಗ್‌ಗೆ ಬೇಡವೇ ಬೇಡ ಎನ್ನುವುದು ಅದೊಂದೇ. ಉಳಿದ ಮೂರು ಬಗೆಗಳಲ್ಲಿ ಯಾವುದು ಯಾವ ನಾಯಿಗೆ ಎಂಬುದು ಅಳತೆಯ ಮೇಲೂ ನಾಯಿಯ ಸ್ವಭಾವದ ಮೇಲೂ ನಿಂತಿದೆ.

ನೈಲಾನ್ ಕೊಳವೆ ಕೆಲಸ ಮಾಡುವುದೇ ಬಾಯಿಯನ್ನು ಮುಚ್ಚಿ ಹಿಡಿದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರು ಬರುತ್ತದೆ, ಅಷ್ಟೇ. ಮೈ ತಂಪಾಗಬೇಕಾದರೆ ಅದು ಬಾಯಿ ಅಗಲಿಸಿ, ನಾಲಿಗೆ ಹೊರಗೆ ಚಾಚಿ ತೇಕಲೇಬೇಕು. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಉಷ್ಣಾಘಾತ, ಜೀವಕ್ಕೇ ಅಪಾಯ. ಬಾಯಿ ಬಿಗಿದ ನಲವತ್ತು ಕಿಲೋ ನಾಯಿಯನ್ನು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್ ಬಿಸಿಲಲ್ಲಿ ನಡೆಸಿದರೆ ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಬೆಂಗಳೂರಿನ ಹವೆ ಪರವಾಗಿಲ್ಲ ಎಂದುಕೊಳ್ಳಬೇಡಿ. ಗಾಬರಿಯಾದ ನಾಯಿ ತಂಪು ಹೊತ್ತಿನಲ್ಲೂ ತೇಕುತ್ತದೆ. ಇದರ ಜೊತೆ ಇನ್ನೊಂದು ದೋಷವಿದೆ. ತೇಕಲಿ ಎಂದು ಪಟ್ಟಿ ಸಡಿಲ ಬಿಟ್ಟರೆ ಮುಂದಿನ ಹಲ್ಲುಗಳು ಹೊರಗೆ ಸಿಗುತ್ತವೆ, ಕಚ್ಚುವಷ್ಟು ಬಾಯಿ ತೆರೆಯುತ್ತದೆ. ಬಿಗಿ ಮಾಡಿದರೆ ಉಸಿರಿಗೆ ಕುತ್ತು, ಸಡಿಲ ಮಾಡಿದರೆ ಎದುರಿನವರಿಗೆ ಕುತ್ತು. ಪಶುವೈದ್ಯರ ಮೇಜಿನ ಮೇಲೆ ಸೂಜಿ ಚುಚ್ಚುವ ಎರಡು ಮೂರು ನಿಮಿಷಕ್ಕೆ ಅದು ಸರಿ. ಅದರಾಚೆಗೆ ಅದಕ್ಕೆ ಕೆಲಸವಿಲ್ಲ.

ಹೊಲದಲ್ಲಿ ಎತ್ತಿಗೆ ಹಾಕುವ ಬಾಯಿಕುಕ್ಕೆ ನೋಡಿದವರಿಗೆ ಸರಿಯಾದ ಮಜಲ್ ಹೇಗಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಹಗ್ಗದ ಬಲೆ, ಮೂತಿಗೆ ಅಂಟದಷ್ಟು ದೊಡ್ಡದು, ಎತ್ತು ಬೆಳೆಗೆ ಬಾಯಿ ಹಾಕದು, ಆದರೆ ಉಸಿರಿಗೆ ಅಡ್ಡಿಯಿಲ್ಲ. ನಾಯಿಗೂ ಬೇಕಾದದ್ದು ಬುಟ್ಟಿಯೇ. ಒಳಗೆ ಅದು ಬಾಯಿ ತೆರೆಯಬೇಕು, ತೇಕಬೇಕು, ನೀರು ನೆಕ್ಕಬೇಕು, ಕೊಟ್ಟ ತುಣುಕು ತಿನ್ನಬೇಕು. ಕಚ್ಚಲು ಮಾತ್ರ ಆಗಬಾರದು.

ಕಾನೂನಿನ ಬಗ್ಗೆ ಅಂಗಡಿಗಳಲ್ಲಿ ಗೊಂದಲ ಬಹಳ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೈಲರ್, ಡೋಗೋ ಅರ್ಜೆಂಟಿನೋ, ಕೇನ್ ಕೋರ್ಸೊ, ಅಕಿಟಾ, ಬೋರ್ಬೋಲ್ ಸೇರಿ 23 ತಳಿಗಳ ಆಮದು, ತಳಿ ಬೆಳೆಸುವಿಕೆ, ಮಾರಾಟ ನಿಲ್ಲಿಸಿ, ಸಾಕಲು ಲೈಸೆನ್ಸ್ ಕೊಡಬೇಡಿ, ಈಗಾಗಲೇ ಇರುವವಕ್ಕೆ ಸಂತಾನಹರಣ ಮಾಡಿಸಿ ಎಂಬುದು ಅದರ ಸಾರ. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದನ್ನು ರದ್ದು ಮಾಡಿದರು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲ, ಹೀಗೆ ಸುತ್ತೋಲೆಯ ಮೂಲಕ ನಿಷೇಧಿಸುವ ಅಧಿಕಾರ ಇಲಾಖೆಗಿಲ್ಲ ಎಂಬುದು ಕಾರಣ. ಹಾಗಾಗಿ ಆ ಪಟ್ಟಿಯನ್ನು ತೋರಿಸಿ ‘ಸರ್ಕಾರ ಬ್ಯಾನ್ ಮಾಡಿರೋ ತಳಿ, ಈ ಮಜಲ್ ಹಾಕ್ಲೇಬೇಕು’ ಎಂದು ಯಾರಾದರೂ ದುಬಾರಿ ಸರಕು ಮಾರಿದರೆ ಆ ಮಾತಿಗೆ ಆಧಾರವಿಲ್ಲ.

ಹಾಗೆಂದು ಮಜಲ್ ಬೇಡ ಎಂದಲ್ಲ. ಅದೇ ತೀರ್ಪು ನಾಯಿ ಕಚ್ಚಿದರೆ ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಸಾಕಿದವರದು ಎಂದೂ ಹೇಳಿದೆ. ಜೊತೆಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೋ ಮೈಗೋ ದೊಡ್ಡ ಅಪಾಯ ಆಗಬಹುದಾದಲ್ಲಿ, ಅದನ್ನು ತಡೆಯಲು ಸಾಕಾಗುವಷ್ಟು ಎಚ್ಚರ ವಹಿಸದವರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಕಲಮಿನಲ್ಲಿ ತಳಿಯ ಹೆಸರಿಲ್ಲ. ಲ್ಯಾಬ್ರಡಾರ್ ಇರಲಿ, ಮುಧೋಳ ಇರಲಿ, ಬೀದಿಯಿಂದ ತಂದು ಸಾಕಿದ ನಾಯಿ ಇರಲಿ, ಒಮ್ಮೆ ಹಲ್ಲು ತೋರಿಸಿ ಮುನ್ನುಗ್ಗಿದ್ದರೆ ಎಚ್ಚರದ ಭಾರ ನಿಮ್ಮ ಮೇಲೆಯೇ. ಸಾಕುನಾಯಿಯ ಲಸಿಕೆ, ಜಂತುಹುಳದ ಔಷಧ, ಸಂತಾನಹರಣ ಮಾಲೀಕರ ಜವಾಬ್ದಾರಿ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಲೈಸೆನ್ಸ್ ವಿಷಯ ನಿಮ್ಮ ಪಾಲಿಕೆಯ ಅಥವಾ ಪುರಸಭೆಯ ಕಚೇರಿಯಲ್ಲೇ ಕೇಳಬೇಕು, ಊರಿಂದೂರಿಗೆ ವ್ಯತ್ಯಾಸವಿದೆ. ಯಾವ ಕಚೇರಿಗೆ ಹೋದರೂ ರೇಬಿಸ್ ಲಸಿಕೆಯ ಕಾರ್ಡು ಕೈಯಲ್ಲಿರಲಿ. ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು: ನಾಯಿ ಸಾಕುವುದನ್ನೇ ಸಂಘ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ಲಿಫ್ಟಿನಲ್ಲಿ ಜೊತೆಗೆ ನಿಂತ ಮಗುವಿಗೆ ಮಾರ್ಗಸೂಚಿ ರಕ್ಷಣೆ ಕೊಡುವುದಿಲ್ಲ, ಮಜಲ್ ಕೊಡುತ್ತದೆ.

ಇನ್ನು ಅಳತೆ. ಕೊಂಡ ಮಜಲ್ ಮೂಲೆ ಸೇರುವುದಕ್ಕೆ ಮುಖ್ಯ ಕಾರಣವೇ ಇದು, ಆದ್ದರಿಂದ ಇಲ್ಲಿ ಅವಸರ ಬೇಡ. ಅಂಗಡಿಯವರು ‘ರಾಟ್‌ವೈಲರಾ? ಹಾಗಾದ್ರೆ ಈ ಸೈಜು’ ಎಂದು ತಳಿ ಕೇಳಿ ಕೊಟ್ಟರೆ ಒಪ್ಪಬೇಡಿ. ಒಂದೇ ತಳಿಯ ಗಂಡಿಗೂ ಹೆಣ್ಣಿಗೂ ಮೂತಿಯಲ್ಲಿ ಬಹಳ ಅಂತರ ಇರುತ್ತದೆ. ದರ್ಜಿಯ ಟೇಪು, ಒಂದು ಸ್ಕೇಲು ತೆಗೆದುಕೊಂಡು ಮನೆಯಲ್ಲೇ ಅಳೆಯಿರಿ.

ಮೊದಲು ಮೂತಿಯ ಉದ್ದ. ಕಣ್ಣಿನಿಂದ ಸುಮಾರು ಒಂದು ಬೆರಳಗಲ ಕೆಳಗೆ ಶುರುಮಾಡಿ ಮೂಗಿನ ತುದಿವರೆಗೆ. ಬಂದದ್ದಕ್ಕೆ ಅರ್ಧದಿಂದ ಒಂದು ಸೆಂಟಿಮೀಟರ್ ಸೇರಿಸಿ. ಅದಕ್ಕಿಂತ ಕಡಿಮೆಯಾದರೆ ಮೂಗಿನ ತುದಿ ಬುಟ್ಟಿಗೆ ಉಜ್ಜಿ ಹುಣ್ಣಾಗುತ್ತದೆ, ಬಹಳ ಹೆಚ್ಚಾದರೆ ಬುಟ್ಟಿ ಹಿಂದೆ ಸರಿದು ಕಣ್ಣಿಗೆ ತಾಗುತ್ತದೆ. ಆಮೇಲೆ ಎತ್ತರ. ಎಲ್ಲರೂ ಬಿಟ್ಟುಬಿಡುವ ಅಳತೆ ಇದೇ. ನಾಯಿ ಓಡಾಡಿ ಬಂದು ಬಾಯಿ ಅಗಲಿಸಿ ತೇಕುತ್ತಿರುವಾಗ ಪಕ್ಕದಲ್ಲಿ ಸ್ಕೇಲು ಹಿಡಿದು ಮೂಗಿನ ಮೇಲ್ಭಾಗದಿಂದ ಕೆಳದವಡೆಯ ಅಡಿಯವರೆಗೆ ಎಷ್ಟಿದೆ ನೋಡಿ. ಬಾಯಿ ಮುಚ್ಚಿದಾಗ 9 ಸೆಂಟಿಮೀಟರ್ ಇರುವ ಮೂತಿ ತೇಕುವಾಗ 12–13 ಆಗಬಹುದು. ಬುಟ್ಟಿಯ ಒಳ ಎತ್ತರ ಈ ಎರಡನೆಯ ಅಂಕಿಗೆ ಹೊಂದಬೇಕು. ಬಾಯಿ ಮುಚ್ಚಿದ ಅಳತೆ ಹಿಡಿದು ಕೊಂಡರೆ ಎಷ್ಟೇ ದುಬಾರಿ ಬುಟ್ಟಿಯಾದರೂ ನೈಲಾನ್ ಕೊಳವೆಯ ಕೆಲಸವನ್ನೇ ಮಾಡುತ್ತದೆ. ಮೂರನೆಯದು ಮೂತಿಯ ಅತಿ ಅಗಲವಾದ ಜಾಗದ ಅಗಲ. ಎರಡೂ ಬದಿ ಸೇರಿ ಒಂದು ಸೆಂಟಿಮೀಟರ್ ಜಾಗ ಇರಲಿ. ಕೊನೆಗೆ ಕಿವಿಗಳ ಹಿಂದೆ ಕತ್ತಿನ ಸುತ್ತಳತೆ. ಕಾಲರ್ ಕೂರುವ ಜಾಗ ಬೇರೆ, ಅದಕ್ಕಿಂತ ಮೇಲೆ, ತಲೆಬುರುಡೆ ಮುಗಿಯುವಲ್ಲಿ ಅಳೆಯಬೇಕು.

ತೊಡಿಸಿ ನೋಡುವಾಗ ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಪಟ್ಟಿಯ ಕೆಳಗೆ ಒಂದು ಬೆರಳು ಹೋಗಬೇಕು, ಎರಡು ಸಲೀಸಾಗಿ ಹೋದರೆ ಸಡಿಲ. ಬುಟ್ಟಿಯನ್ನು ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದರೆ ಕಿವಿ ದಾಟಿ ಕಳಚಬಾರದು. ಬುಟ್ಟಿಯನ್ನು ಕಣ್ಣಿನತ್ತ ತಳ್ಳಿದರೆ ಅಂಚು ಕೆಳರೆಪ್ಪೆಗೆ ತಾಗಬಾರದು. ನಾಯಿಯನ್ನು ಕರೆದೊಯ್ಯಲು ಬಿಡದ ಅಂಗಡಿಯಲ್ಲಿ, ಅಥವಾ ವಾಪಸು ತೆಗೆದುಕೊಳ್ಳದ ಆನ್‌ಲೈನ್ ಮಾರಾಟಗಾರರಲ್ಲಿ ಮಜಲ್ ಕೊಳ್ಳುವುದು ನಮ್ಮ ಪ್ರಕಾರ ಸರಿಯಲ್ಲ.

ರಬ್ಬರ್ ಬುಟ್ಟಿಗಳಲ್ಲಿ ಹೆಚ್ಚು ಹೆಸರಾದದ್ದು ಬಾಸ್ಕರ್‌ವಿಲ್ ಅಲ್ಟ್ರಾ. 1ರಿಂದ 6ರವರೆಗೆ ಆರು ಸೈಜು. ಕತ್ತಿನ ಪಟ್ಟಿ, ಹಣೆಯ ಮೇಲೆ ಹಾದುಹೋಗುವ ಪಟ್ಟಿ, ಕಾಲರ್‌ಗೆ ಸಿಕ್ಕಿಸುವ ಕೊಂಡಿ ಮೂರೂ ಜೊತೆಗೇ ಬರುತ್ತವೆ. ಬೆಲೆ ನೈಲಾನ್ ಕೊಳವೆಯ ಹಲವು ಪಟ್ಟು. ಇದರ ದೊಡ್ಡ ಗುಣ ಬಿಸಿ ಮಾಡಿದರೆ ಆಕಾರ ಬದಲಿಸಬಹುದು ಎಂಬುದು. ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಬಿಸಿನೀರಿನಲ್ಲಿ ಮುಳುಗಿಸಿ, ಬಟ್ಟೆ ಹಿಡಿದು ಹೊರತೆಗೆದು, ಬೇಕಾದ ಕಡೆ ಒತ್ತಿ ಹಿಡಿದು, ಹಾಗೇ ತಣ್ಣೀರಿಗೆ ಅದ್ದಬೇಕು. ಪೂರ್ತಿ ಆರಿದ ಮೇಲೆಯೇ ನಾಯಿಗೆ. ಇಲ್ಲಿ ಒಂದು ಸೂಕ್ಷ್ಮವಿದೆ. ಕೆನ್ನೆಗೆ ತಾಗುತ್ತಿದೆ ಎಂದು ಬದಿಗಳನ್ನು ಅಗಲಿಸಿದರೆ ಬುಟ್ಟಿ ಚಪ್ಪಟೆಯಾಗಿ ಎತ್ತರ ಇಳಿಯುತ್ತದೆ, ಅಂದರೆ ತೇಕುವ ಜಾಗ ಕಡಿಮೆಯಾಗುತ್ತದೆ. ಅಗಲಿಸಿದ ಮೇಲೆ ಎತ್ತರವನ್ನು ಮತ್ತೆ ಸ್ಕೇಲಿನಲ್ಲಿ ನೋಡಿ. ಸಾಲದಿದ್ದರೆ ಮುಂದಿನ ಸೈಜು ತಂದು ಬದಿಗಳನ್ನು ಒಳಕ್ಕೆ ಒತ್ತುವುದು ಮೇಲು.

ಮುಂಭಾಗದ ದೊಡ್ಡ ಕಿಂಡಿಯಿಂದ ತಿಂಡಿ ಕೊಡುವುದು ಸುಲಭ, ನೀರು ಕುಡಿಯುವುದೂ ಸುಲಭ. ಕಲಿಕೆಗೆ ಇದಕ್ಕಿಂತ ಒಳ್ಳೆಯದು ಸಿಗದು. ಮೈ ಮೆತ್ತಗಿರುವುದರಿಂದ ನಾಯಿ ಮೊಣಕಾಲಿಗೆ ಗುದ್ದಿದರೂ ಪೆಟ್ಟು ಕಡಿಮೆ. ಆದರೆ ಮೆತ್ತಗಿನ ವಸ್ತು ಒತ್ತಿದರೆ ಬಾಗುತ್ತದೆ, ಅದನ್ನು ಮರೆಯಬೇಡಿ. ಈಗಾಗಲೇ ಮನುಷ್ಯರನ್ನು ಗಾಯ ಮಾಡಿರುವ ದೊಡ್ಡ ನಾಯಿಗೆ ಇದೊಂದನ್ನೇ ನಂಬಿ ಜನರ ನಡುವೆ ಹೋಗುವುದನ್ನು ನಾವು ಒಪ್ಪುವುದಿಲ್ಲ. ದಾರಿಯಲ್ಲಿ ಕಂಡದ್ದನ್ನೆಲ್ಲ ತಿನ್ನುವ, ಬೀದಿನಾಯಿಗಳ ಮೇಲೆ ರೇಗುವ, ಡಾಕ್ಟರ ಬಳಿ ಹೆದರುವ ನಾಯಿಗೆ ಇದು ಧಾರಾಳ ಸಾಕು.

ಕಚ್ಚಿದ ಚರಿತ್ರೆ ಇರುವ ನಾಯಿಗೆ ತಂತಿಯ ಬುಟ್ಟಿಯೇ ಬೇಕು. ಗಾಳಿಯಾಟ ಇದರಲ್ಲೇ ಹೆಚ್ಚು, ಒತ್ತಡಕ್ಕೆ ಬಾಗದಿರುವುದೂ ಇದೇ. ಕೊಳ್ಳುವಾಗ ನೋಡಬೇಕಾದದ್ದು ಬೆಸುಗೆ. ಒಂದು ಉಂಡೆ ಹತ್ತಿ ತೆಗೆದುಕೊಂಡು ಬುಟ್ಟಿಯ ಒಳಮೈಯಲ್ಲಿ, ಪ್ರತಿ ತಂತಿ ಕೂಡುವ ಜಾಗದಲ್ಲಿ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಚೂಪು ಇದೆ, ಅದೇ ನಾಳೆ ತುಟಿ ಗೀರುತ್ತದೆ. ಮೂಗಿನ ದಂಡೆಯ ಮೇಲೆ ಕೂರುವಲ್ಲಿ ಚರ್ಮದ ಅಥವಾ ಫೆಲ್ಟಿನ ಮೆತ್ತೆ ಇರಲೇಬೇಕು. ಮೆತ್ತೆಯಿಲ್ಲದ ತಂತಿ ಕೆಲವೇ ದಿನದಲ್ಲಿ ಕೂದಲು ಉದುರಿಸಿ ಕೆಂಪಾದ ಗೆರೆ ಮೂಡಿಸುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಸ್ಟೀಲ್ ತಂತಿಯದ್ದನ್ನೇ ಕೇಳಿ. ಬರೀ ಲೇಪ ಹೊಡೆದ ಕಬ್ಬಿಣ ಸಮುದ್ರದ ಗಾಳಿಗೂ ಜೊಲ್ಲಿಗೂ ಬೆಸುಗೆಯಲ್ಲೇ ತುಕ್ಕು ಹಿಡಿದು ಅಲ್ಲೇ ಬಿಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಲೋಹ ಕಾಯುತ್ತದೆ, ಆ ಹೊತ್ತಿಗೆ ಟಾರು ರಸ್ತೆಯೂ ಪಾದ ಸುಡುತ್ತದೆ. ಎರಡಕ್ಕೂ ಪರಿಹಾರ ಒಂದೇ, ಬೆಳಗ್ಗೆ ಬೇಗ ಅಥವಾ ಕತ್ತಲಾಗುವ ಹೊತ್ತಿಗೆ ಹೊರಡುವುದು. ಇನ್ನೊಂದು ಕೊರತೆಯೆಂದರೆ ಗುದ್ದು. ನಲವತ್ತೈದು ಕಿಲೋ ನಾಯಿ ತಂತಿಬುಟ್ಟಿ ಹಾಕಿಕೊಂಡು ಮಗುವಿನ ಮುಖದತ್ತ ಹಾರಿದರೆ ಕಚ್ಚದಿದ್ದರೂ ಗಾಯ ಮಾಡುತ್ತದೆ. ಮಜಲ್ ಇದೆಯೆಂದು ಲೀಶ್ (ನಾಯಿಯನ್ನು ಹಿಡಿದು ನಡೆಸುವ ಪಟ್ಟಿ) ಸಡಿಲ ಬಿಡುವವರು ಇದನ್ನು ಗಮನಿಸಬೇಕು.

ಚರ್ಮದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡಲು ಚೆಂದ, ಮೂತಿಗೆ ಮೃದು. ಮಳೆಗಾಲದಲ್ಲಿ ನೆನೆದು, ಒಣಗಿದಾಗ ಸೆಟೆದು ಅಳತೆ ಕೆಡುತ್ತದೆ. ಜೊಲ್ಲು ಹೀರಿ ವಾಸನೆ ಬರುತ್ತದೆ, ಮಲೆನಾಡಿನಲ್ಲಿ ಬೂಸಲು ಕಟ್ಟುತ್ತದೆ. ಬಯಲುಸೀಮೆಯಲ್ಲಿ, ದಿನವೂ ಒರೆಸಿ ನೆರಳಲ್ಲಿ ಒಣಗಿಸುವ ತಾಳ್ಮೆ ಇರುವವರು ಇಟ್ಟುಕೊಳ್ಳಬಹುದು. ಮೂತಿ ಗಿಡ್ಡ ಇರುವ ಬಾಕ್ಸರ್, ಅಮೆರಿಕನ್ ಬುಲ್ಲಿ ಥರದ ನಾಯಿಗಳಿಗೆ ಮಾತ್ರ ಸಾಮಾನ್ಯ ಸಿದ್ಧ ಬುಟ್ಟಿ ನೆಟ್ಟಗೆ ಕೂರುವುದು ಕಷ್ಟ. ಅಗಲ ಸರಿಹೋದರೆ ಉದ್ದ ಹೆಚ್ಚಾಗಿ ಕಳಚಿಕೊಳ್ಳುತ್ತದೆ. ಅವಕ್ಕೆ ಅಳತೆ ಕೊಟ್ಟು ಮಾಡಿಸುವುದು ಮೇಲು, ಹಣೆಯ ಪಟ್ಟಿ ಅವಕ್ಕೆ ಕಡ್ಡಾಯ.

ಹಣೆಯ ಪಟ್ಟಿಯ ಮಾತು ಬಂತು. ಕಣ್ಣಿಗೆ ಅಡ್ಡ ಬರುತ್ತದೆ ಎಂದು ಬಹಳ ಮಂದಿ ಅದನ್ನು ಬಿಚ್ಚಿ ಎಸೆಯುತ್ತಾರೆ. ಮಜಲ್ ಕಳಚಿಕೊಳ್ಳುವುದು ಹೆಚ್ಚಾಗಿ ಆಗ. ನಾಯಿ ಮುಂಗಾಲಿನ ಹೆಬ್ಬೆರಳ ಉಗುರನ್ನು ಬುಟ್ಟಿಯ ಅಂಚಿಗೆ ಸಿಕ್ಕಿಸಿ ಕೆಳಗೆ ಎಳೆಯುತ್ತದೆ. ಕತ್ತಿನ ಪಟ್ಟಿ ಒಂದೇ ಇದ್ದರೆ ಅದು ಕಿವಿಯ ಮೇಲಿಂದ ಜಾರಿ ಬುಟ್ಟಿ ಬೀಳುತ್ತದೆ. ಹಣೆಯ ಪಟ್ಟಿ ಆ ಎಳೆತವನ್ನು ತಡೆಯುತ್ತದೆ. ಕಾಲರ್ ಕೊಂಡಿ ಎರಡನೆಯ ಕಾವಲು. ಮೂರೂ ಹಾಕಿ.

ಲೀಶ್ ಯಾವತ್ತೂ ಮಜಲ್‌ಗೆ ಸಿಕ್ಕಿಸಬಾರದು. ಜಗ್ಗಿದರೆ ಕತ್ತು ಉಳುಕುತ್ತದೆ, ಬುಟ್ಟಿಯೂ ಕಳಚುತ್ತದೆ. ನಾಲ್ಕರಿಂದ ಐದು ಅಡಿಯ, ಒಂದು ಅಂಗುಲ ಅಗಲದ ನೈಲಾನ್ ಅಥವಾ ಚರ್ಮದ ಲೀಶ್ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಸುರುಳಿ ಲೀಶ್ ದೊಡ್ಡ ನಾಯಿಗೆ ಬೇಡವೇ ಬೇಡ. ತೆಳು ದಾರ, ಮೀಟರುಗಟ್ಟಲೆ ಓಟ, ಆ ವೇಗದಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಕೊಕ್ಕೆ ಹಿತ್ತಾಳೆಯದ್ದೋ ಸ್ಟೀಲಿನದ್ದೋ ಇರಲಿ. ಅದರ ಒಳಗಿನ ಸ್ಪ್ರಿಂಗ್ ಮಣ್ಣು ಹಿಡಿದು ಅರ್ಧ ಮುಚ್ಚಿ ನಿಲ್ಲುತ್ತದೆಯೇ ಎಂದು ಹೊರಡುವ ಮುನ್ನ ಒಮ್ಮೆ ಒತ್ತಿ ನೋಡಿ. ಮನೆಯಲ್ಲಿ ನಾಯಿಯನ್ನು ದಿನವಿಡೀ ಗಿಡ್ಡ ಚೈನಿನಲ್ಲಿ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ಅಲ್ಲದೆ ಹಾಗೆ ಕಟ್ಟಿದ ನಾಯಿಯೇ ಚೈನು ತುಂಡಾದ ದಿನ ಹೆಚ್ಚು ಅಪಾಯಕಾರಿ. ಚೈನಿನ ಬದಲು ಗೇಟಿಗೆ ದುಡ್ಡು ಹಾಕಿ: ನಾಯಿ ಹಾರದಷ್ಟು ಎತ್ತರ, ಕೆಳಗೆ ಮೂತಿ ತೂರದ ಸಂದು, ಚಿಲಕದ ಮೇಲೆ ಬೀಗ. ಹಾಲಿನವರು, ಪಾರ್ಸೆಲ್ ತರುವವರು ಗೇಟು ತೆರೆಯುವ ಮುನ್ನ ಒತ್ತುವ ಬೆಲ್ ಗೇಟಿನ ಹೊರಗಿರಲಿ.

ಎಂಥ ಒಳ್ಳೆಯ ಮಜಲ್ ತಂದರೂ ಮೊದಲ ದಿನವೇ ತೊಡಿಸಿ ರಸ್ತೆಗೆ ಇಳಿದರೆ ಕೆಟ್ಟಿತು. ಒಮ್ಮೆ ಒರಟಾಗಿ ತೊಡಿಸಿದ ನಾಯಿಗೆ ಮತ್ತೆ ತೊಡಿಸುವುದು ಎರಡರಷ್ಟು ಕೆಲಸ. ಎರಡರಿಂದ ನಾಲ್ಕು ವಾರ ಇಟ್ಟುಕೊಳ್ಳಿ. ಮೊದಲ ಕೆಲವು ದಿನ ಪಟ್ಟಿಯ ತಂಟೆಯೇ ಬೇಡ. ಬುಟ್ಟಿಯ ಒಳತುದಿಗೆ ಗಟ್ಟಿ ಮೊಸರು ಸವರಿ, ಅಥವಾ ಬೇಯಿಸಿದ ಕೋಳಿ ಲಿವರಿನ ಚೂರು ಇಟ್ಟು, ಬಟ್ಟಲು ಹಿಡಿದ ಹಾಗೆ ಹಿಡಿದುಕೊಳ್ಳಿ. ನಾಯಿ ತಾನಾಗಿ ಮೂತಿ ಹಾಕಬೇಕು, ನೀವು ಬುಟ್ಟಿಯನ್ನು ಮುಖದತ್ತ ಒಯ್ಯಬಾರದು. ದಿನಕ್ಕೆ ಎರಡು ಮೂರು ಸಲ, ಐದು ನಿಮಿಷ ಮೀರದಂತೆ. ಬುಟ್ಟಿ ಕಂಡ ಕೂಡಲೇ ಬಾಲ ಅಲ್ಲಾಡಿಸಿಕೊಂಡು ಬಂದರೆ ಮುಂದಿನ ಹೆಜ್ಜೆ: ಮೂತಿ ಒಳಗಿರುವಾಗ ಮುಂದಿನ ಕಿಂಡಿಯಿಂದ ಚೂರು ಚೂರೇ ಕೊಡುತ್ತ ಐದು ಸೆಕೆಂಡು, ಹತ್ತು, ಇಪ್ಪತ್ತು. ಆಮೇಲೆ ಪಟ್ಟಿಯನ್ನು ಕಿವಿಯ ಹಿಂದೆ ಮುಟ್ಟಿಸಿ ಬಿಡಿ, ಕ್ಲಿಪ್ಪಿನ ಸದ್ದು ಕಿವಿಗೆ ದೂರದಲ್ಲಿ ಮಾಡಿ ತೋರಿಸಿ. ಬಹಳ ನಾಯಿಗಳು ಬೆಚ್ಚುವುದು ಆ ಟಕ್ ಸದ್ದಿಗೇ. ಮೊದಲ ಸಲ ಕ್ಲಿಪ್ ಹಾಕಿ ಎರಡೇ ಸೆಕೆಂಡಿಗೆ ಬಿಚ್ಚಿ. ಮನೆಯೊಳಗೆ ಹತ್ತು ನಿಮಿಷ ಓಡಾಡಿಸಿದ ಮೇಲೆ ಅಂಗಳ, ಆಮೇಲೆ ಬೀದಿ. ಮಧ್ಯೆ ಉಗುರಿನಿಂದ ಕೆರೆದುಕೊಂಡರೆ ಗದರಬೇಡಿ, ನಡಿಗೆ ಶುರುಮಾಡಿ. ಕಾಲು ಚಲಿಸುತ್ತಿದ್ದರೆ ಕೆರೆಯಲು ಆಗುವುದಿಲ್ಲ. ಪಟ್ಟುಹಿಡಿದು ಕೆರೆದರೆ ಹೆಜ್ಜೆ ಬೇಗ ಹಾಕಿದ್ದೀರಿ ಎಂದರ್ಥ, ಹಿಂದಿನ ಹಂತಕ್ಕೆ ಮರಳಿ. ಕಲಿತ ಮೇಲೂ ಇಂಜೆಕ್ಷನ್ ದಿನ ಮಾತ್ರ ಹಾಕುವ ಅಭ್ಯಾಸ ಬೇಡ. ಬುಟ್ಟಿ ಕಂಡರೆ ಸೂಜಿ ಎಂದು ನಾಯಿ ಲೆಕ್ಕ ಹಾಕುತ್ತದೆ.

ಮಜಲ್ ಹಾಕಿ ನಾಯಿಯನ್ನು ಒಂಟಿಯಾಗಿ ಬಿಡಬಾರದು. ಬುಟ್ಟಿ ಗೇಟಿನ ಸರಳಿಗೋ ಗಿಡದ ಕೊಂಬೆಗೋ ಸಿಕ್ಕಿಕೊಳ್ಳುತ್ತದೆ. ವಾಂತಿ ಮಾಡುವ ನಾಯಿಗೆ ಹಾಕಲೇಬಾರದು. ಬೀದಿನಾಯಿಗಳ ಗುಂಪಿರುವ ದಾರಿಯಲ್ಲಿ ಮಜಲ್ ಹಾಕಿದ ನಾಯಿ ತನ್ನನ್ನು ಕಾಪಾಡಿಕೊಳ್ಳಲಾರದು, ಆ ದಾರಿ ಬದಲಿಸುವುದು ನಿಮ್ಮ ಕೆಲಸ. ಇಷ್ಟಾಗಿಯೂ ಹಲ್ಲು ತಾಗಿದರೆ, ಸಣ್ಣ ಗೀರೇ ಆಗಿರಲಿ, ಗಾಯವನ್ನು ಸೋಪು ಹಚ್ಚಿ ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆಸಿ, ಅದೇ ದಿನ ಆಸ್ಪತ್ರೆಗೆ ನೀವೇ ಕರೆದೊಯ್ಯಿರಿ, ನಾಯಿಯ ಲಸಿಕೆ ಕಾರ್ಡು ತೋರಿಸಿ. ನಾಯಿಗೆ ಲಸಿಕೆ ಆಗಿದೆ ಎಂಬ ಕಾರಣಕ್ಕೆ ಆಸ್ಪತ್ರೆ ತಪ್ಪಿಸಬೇಡಿ.

ಹೊರದೇಶದಲ್ಲಿರುವ ನಮ್ಮವರಿಗೆ ಕೊಳ್ಳುವ ಆಯ್ಕೆ ಇನ್ನೂ ಕಿರಿದು. ಐರ್ಲೆಂಡಿನಲ್ಲಿ 1998ರ ನಿಯಮಗಳ ಪಟ್ಟಿಯಲ್ಲಿ ರಾಟ್‌ವೈಲರ್, ಡಾಬರ್‌ಮನ್ ಅಷ್ಟೇ ಅಲ್ಲ, ಜರ್ಮನ್ ಶೆಫರ್ಡ್ ಕೂಡ ಇದೆ. ಸಾರ್ವಜನಿಕ ಜಾಗದಲ್ಲಿ ಮಜಲ್, ಎರಡು ಮೀಟರ್ ಮೀರದ ಗಟ್ಟಿ ಲೀಶ್, ಹಿಡಿಯುವವರಿಗೆ 16 ವರ್ಷ ದಾಟಿರಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಡಿಸೆಂಬರ್ 31ರಿಂದ ಎಕ್ಸ್‌ಎಲ್ ಬುಲ್ಲಿ ನಾಯಿಗೆ ಹೊರಗೆ ಲೀಶ್, ಮಜಲ್ ಎರಡೂ ಕಡ್ಡಾಯ, 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಸಾಕುವುದೇ ಅಪರಾಧ. ವಿನಾಯಿತಿಗೆ ಮೈಕ್ರೋಚಿಪ್, ಸಂತಾನಹರಣ, ನಾಯಿಯಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಬೇಕು. ಅಲ್ಲಿ ಮಜಲ್ ಕಚ್ಚುವುದನ್ನು ನಿಜಕ್ಕೂ ತಡೆಯುವಂತಿರಬೇಕು. ಬಾಯಿ ತೆರೆಯಲು ಬಿಟ್ಟರೆ ಹಲ್ಲು ಹೊರಬರುವ ಕೊಳವೆಯ ಬದಲು ಅಲ್ಲೂ ಅಳತೆಗೆ ಸರಿಯಾದ ಬುಟ್ಟಿಯನ್ನೇ ಕೊಳ್ಳಿ.

ಕೊಂಡ ಮೇಲಿನ ಆರೈಕೆ ಸುಲಭ. ಪ್ರತಿ ವಾಕಿಂಗ್ ಆದ ಮೇಲೆ ಬುಟ್ಟಿಯನ್ನು ನೀರಿನಲ್ಲಿ ತೊಳೆದು ಒಣಗಿಸಿ, ಮೂಗಿನ ದಂಡೆ, ಕಿವಿಯ ಬುಡ, ಗಲ್ಲದ ಅಡಿ ಕೆಂಪಾಗಿದೆಯೇ ನೋಡಿ. ತಿಂಗಳಿಗೊಮ್ಮೆ ಪಟ್ಟಿಯ ತೂತುಗಳು ಹಿಗ್ಗಿವೆಯೇ, ಬಕಲ್ಲಿನ ಮುಳ್ಳು ಬಾಗಿದೆಯೇ, ರಬ್ಬರಿನಲ್ಲಿ ಬಿರುಕು ಬಿಟ್ಟಿದೆಯೇ ಪರೀಕ್ಷಿಸಿ. ಬಿರುಕು ಕಂಡರೆ ಅಂಟು ಹಾಕಿ ಬಳಸಬೇಡಿ, ಹೊಸದು ತನ್ನಿ. ಮರಿ ಇದ್ದಾಗ ಕೊಂಡದ್ದನ್ನು ಒಂದೂವರೆ ಎರಡು ವರ್ಷದವರೆಗೆ ಮತ್ತೆ ಮತ್ತೆ ಅಳೆದು ಬದಲಿಸಬೇಕಾಗುತ್ತದೆ, ದೊಡ್ಡ ತಳಿಗಳ ತಲೆ ಅಷ್ಟು ಕಾಲ ಬೆಳೆಯುತ್ತದೆ.